ವಿಷಕ್ಕೆ ವಿಷವೇ ಮದ್ದೆಂಬ ಮಾತಿನ ವಿಚಾರ

‘ವಿಷಕ್ಕೆ ವಿಷವೇ ಮದ್ದು’ ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವುದು. ಸಂಸ್ಕೃತದಲ್ಲಿ ಇದು ಲೋಕೋಕ್ತಿಯಾಗಿ ನಿಂತಿದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಕನ್ನಡದ ಗಾದೆ ಇದರ ಒಡಹುಟ್ಟು. ಈ ಮಾತನ್ನು ಆಡುವವರು ಬಹುಮಟ್ಟಿಗೆ ರಾಜನೀತಿಯನ್ನೋ ನೆರೆಹೊರೆಯ ವ್ಯಾಜ್ಯವನ್ನೋ ಮನಸ್ಸಿನಲ್ಲಿಟ್ಟುಕೊಂಡಿರುವರೇ ಹೊರತು ವೈದ್ಯವನ್ನಲ್ಲ. ಆದರೆ ಅದರ ವಾಚ್ಯಾರ್ಥವು ವೈದ್ಯಕ್ಕೇ ಸೇರಿದುದು. ಆ ಅರ್ಥದಲ್ಲಿ ಅದು ನಿಜವೇ? ನಿಜವಾದರೆ ಯಾವ ವಿಷಕ್ಕೆ ಯಾವ ವಿಷ? ಈ ಪ್ರಶ್ನೆಯು ಪಂಡಿತರ ವಿನೋದಕ್ಕೆ ಮಾತ್ರ ಸಲ್ಲತಕ್ಕುದಲ್ಲ. ಹೊಲಕ್ಕೆ ಸಿಂಪಡಿಸುವ ಕೀಟನಾಶಕವನ್ನು ಕುಡಿದವನು, ಹಾವು ಕಚ್ಚಿದವನು, ಉಮ್ಮತ್ತದ ಕಾಯಿಯನ್ನು ತಿಂದ ಮಗು, ಇವರು ಆಸ್ಪತ್ರೆಯ ಬಾಗಿಲಿಗೆ ಬಂದಾಗ ಅವರ ಪ್ರಾಣವು ಇದರ ಉತ್ತರವನ್ನೇ ಅವಲಂಬಿಸಿರುವುದು.

ಹಿಂದಿನವರು ಇದಕ್ಕೆ ಕೊಟ್ಟುಕೊಂಡಿದ್ದ ಉತ್ತರವು ಸುಲಭವಾದುದು: ಒಂದು ವಿಷದ ಲಕ್ಷಣಗಳಿಗೆ ಎದುರಾದ ಲಕ್ಷಣಗಳನ್ನು ಹುಟ್ಟಿಸುವ ಇನ್ನೊಂದು ವಿಷವು ಅದಕ್ಕೆ ಮದ್ದು. ಈ ಉತ್ತರವು ಕೆಲವೆಡೆ ಫಲಿಸಿತು. ಕೆಲವೆಡೆ ರೋಗಿಯನ್ನು ಕೊಂದಿತು. ಎಲ್ಲಿ ಫಲಿಸುವುದು, ಎಲ್ಲಿ ಕೊಲ್ಲುವುದು ಎಂಬುದನ್ನು ಬೇರ್ಪಡಿಸಿ ತೋರಿಸಿದುದು ಗ್ರಾಹಕಗಳ ವಿಚಾರ. ಲಕ್ಷಣಗಳು ಎದುರಾಗಿದ್ದರೆ ಸಾಲದು, ಸ್ಥಾನವೂ ಒಂದಾಗಿರಬೇಕು ಎಂಬುದು ಅದರ ತಿರುಳು. ಅದನ್ನು ನಮ್ಮ ನೆಲದಲ್ಲಿಯೇ ಬೆಳೆಯುವ ಒಂದೆರಡು ಗಿಡಗಳ ಮೂಲಕ ವಿವರಿಸಲು ಈ ಲೇಖನದಲ್ಲಿ ಯತ್ನಿಸಿರುವೆನು.

ಉಮ್ಮತ್ತವು ಹಾಳುನೆಲಗಳಲ್ಲಿಯೂ ತಿಪ್ಪೆಗಳ ಬದಿಯಲ್ಲಿಯೂ ತಾನಾಗಿ ಬೆಳೆಯುವ ಗಿಡ. ಮುಳ್ಳುಮುಳ್ಳಾದ ಕಾಯಿ, ತುತ್ತೂರಿಯಂತಹ ಹೂವು. ಹೂವು ಶಿವಪೂಜೆಗೆ ಸಲ್ಲುವುದು. ಮದಗುಣಿಕೆಯೆಂದೂ ಕರೆಯುವರು. ಉಮ್ಮತ್ತವೆಂಬುದು ‘ಉನ್ಮತ್ತ’ದ ತದ್ಭವ. ಹುಚ್ಚು ಗಿಡಕ್ಕೆ ಹಿಡಿದುದಲ್ಲ, ತಿಂದವನಿಗೆ ಹಿಡಿಯುವುದು. ಕಾರ್ಯದ ಹೆಸರನ್ನು ಕಾರಣಕ್ಕೆ ಕೊಟ್ಟಿದ್ದಾರೆ. ಅಮರಕೋಶದ ವನೌಷಧಿವರ್ಗದಲ್ಲಿ ಇದಕ್ಕೆ ಕಿತವ, ಧೂರ್ತ ಎಂಬ ಪರ್ಯಾಯಪದಗಳೂ ಉಂಟು. ಕಿತವನೆಂದರೆ ಜೂಜುಗಾರ, ಮೋಸಗಾರ. ಧೂರ್ತನ ಅರ್ಥವೂ ಅದಕ್ಕೆ ಸಮೀಪದ್ದೇ. ದಾರಿಹೋಕರ ಊಟದಲ್ಲಿ ಇದರ ಬೀಜವನ್ನು ಬೆರೆಸಿ, ಎಚ್ಚರ ತಪ್ಪಿಸಿ, ಗಂಟನ್ನು ದೋಚುತ್ತಿದ್ದ ಕಳ್ಳರ ಸಂಗತಿಯು ೧೯ನೆಯ ಶತಮಾನದ ಭಾರತದ ವೈದ್ಯನ್ಯಾಯಶಾಸ್ತ್ರದ ಗ್ರಂಥಗಳಲ್ಲಿ ಬಂದಿದೆ. ಹಳೆಯ ಹೆಸರುಗಳೂ ಅಂತಹ ಬಳಕೆಯಿಂದಲೇ ಹುಟ್ಟಿರಬಹುದು. ಕೋಶಕಾರನ ಎಣಿಕೆಗೆ ಬಾರದ ಇನ್ನೊಂದರ್ಥದಲ್ಲಿ ಧೂರ್ತನೆಂಬ ಹೆಸರು ಈ ಗಿಡಕ್ಕೆ ಎಷ್ಟು ಒಪ್ಪುವುದೆಂಬುದು ಮುಂದೆ ತಿಳಿಯುವುದು.

ಉಮ್ಮತ್ತವನ್ನು ತಿಂದವನ ಬಾಯಿ ಒಣಗುವುದು. ನುಂಗಲಾಗದು, ಮಾತು ತೊದಲುವುದು. ಬೆವರು ನಿಂತು ಮೈ ಕೆಂಪೇರಿ ಕಾಯುವುದು. ನಾಡಿ ಓಡುವುದು. ಮೂತ್ರವು ಕಟ್ಟುವುದು. ಕಣ್ಣಿನ ಪಾಪೆ ಹಿಗ್ಗಿ ಬೆಳಕನ್ನು ಸಹಿಸದು. ಆಮೇಲೆ ಇಲ್ಲದುದನ್ನು ಕಂಡು, ಗಾಳಿಯಲ್ಲಿ ಏನನ್ನೋ ಹಿಡಿಯಲು ಕೈಯಾಡಿಸುತ್ತ ಬಡಬಡಿಸುವನು. ಇದಕ್ಕೆಲ್ಲ ಕಾರಣವಾದ ದ್ರವ್ಯಗಳು ಅಟ್ರೊಪಿನ್, ಹಯೊಸೈಮಿನ್, ಸ್ಕೊಪಾಲಮಿನ್ ಎಂಬ ಮೂರು. ಮೂರೂ ಹತ್ತಿರದ ಬಂಧುಗಳು. ಇವುಗಳಲ್ಲಿ ಮೊದಲನೆಯದರ ಹೆಸರು ಯೂರೋಪಿನ ಬೆಲಡೊನ ಎಂಬ ಗಿಡದಿಂದ ಬಂದುದು. ಆ ಗಿಡಕ್ಕೆ ಲಿನಿಯಸ್ ಪಂಡಿತನು ಅಟ್ರೊಪ ಎಂದು ಹೆಸರಿಟ್ಟನು. ಅಟ್ರೊಪಾಸ್ ಎಂಬವಳು ಗ್ರೀಕರ ಪುರಾಣದಲ್ಲಿ ಆಯುಸ್ಸಿನ ನೂಲನ್ನು ಕತ್ತರಿಸುವ ದೇವಿ. ಬೆಲಡೊನ ಎಂದರೆ ಇಟಲಿಯ ಭಾಷೆಯಲ್ಲಿ ಚೆಲುವೆ. ಹೆಂಗಸರು ಅದರ ರಸದಿಂದ ಕಣ್ಣಿನ ಪಾಪೆಯನ್ನು ಹಿಗ್ಗಿಸಿಕೊಳ್ಳುತ್ತಿದ್ದರೆಂಬುದು ಆ ಹೆಸರಿಗೆ ಹೇಳುವ ಕಾರಣ. ಒಂದೇ ಗಿಡಕ್ಕೆ ಚೆಲುವೆಯೆಂದೂ ಮೃತ್ಯುವೆಂದೂ ಹೆಸರು. ಕಣ್ಣಿನ ವೈದ್ಯರು ಪರೀಕ್ಷೆಗಾಗಿ ಹನಿ ಹಾಕಿದ ದಿನ ಹಸ್ತಪ್ರತಿಯನ್ನು ತಿದ್ದಲು ಕುಳಿತು ಒಂದಕ್ಷರವೂ ನಿಲುಕದೆ ಎದ್ದ ಅನುಭವ ನನಗುಂಟು, ಓದುಗರಲ್ಲಿ ಅನೇಕರಿಗೂ ಇದ್ದೀತು. ಆ ಹನಿಯೂ ಇದೇ ಕುಲದ ಕೆಲಸವನ್ನು ಮಾಡತಕ್ಕುದು.

ಈಗ ಅಫೀಮನ್ನು ನೋಡೋಣ. ಅದನ್ನು ಅತಿಯಾಗಿ ಸೇವಿಸಿದವನ ಪಾಪೆ ಸೂಜಿಯ ಮೊನೆಯಷ್ಟಾಗುವುದು. ಅವನು ಜಡನಾಗಿ ಮಲಗುವನು. ಉಸಿರು ನಿಧಾನವಾಗುತ್ತ ನಿಲ್ಲುವುದು. ಉಮ್ಮತ್ತದಿಂದ ಪಾಪೆ ಹಿಗ್ಗುವುದು, ಅಫೀಮಿನಿಂದ ಕುಗ್ಗುವುದು. ಅದು ಕೆರಳಿಸುವುದು, ಇದು ಮಲಗಿಸುವುದು. ಇವು ಒಂದಕ್ಕೊಂದು ಮದ್ದಾಗಿರಲೇಬೇಕೆಂದು ೧೯ನೆಯ ಶತಮಾನದ ಯೂರೋಪಿನ ಅನೇಕ ವೈದ್ಯರು ನಂಬಿ, ಅಫೀಮು ತಿಂದವರಿಗೆ ಬೆಲಡೊನವನ್ನೂ ಬೆಲಡೊನ ತಿಂದವರಿಗೆ ಅಫೀಮನ್ನೂ ಕೊಟ್ಟರು. ಅದು ಸರಿಯೋ ತಪ್ಪೋ ಎಂದು ದಶಕಗಳ ಕಾಲ ವಾದ ನಡೆಯಿತು. ಅಟ್ರೊಪಿನ್ ಕೊಟ್ಟೊಡನೆ ಪಾಪೆಯೇನೋ ಹಿಗ್ಗುತ್ತಿದ್ದಿತು. ಆದರೆ ಅಫೀಮಿನಿಂದ ಸಾವು ಬರುವುದು ಪಾಪೆಯ ಮೂಲಕವಲ್ಲ, ಉಸಿರಾಟವನ್ನು ನಡೆಸುವ ಮೆದುಳಿನ ಭಾಗದ ಮೂಲಕ. ಅಲ್ಲಿ ಅಫೀಮಿನ ಸ್ಥಾನವೇ ಬೇರೆ. ಅಟ್ರೊಪಿನ್ ಅದನ್ನು ಮುಟ್ಟದು. ವೈದ್ಯನು ಕಣ್ಣನ್ನು ನೋಡಿ ಸಮಾಧಾನಪಡುತ್ತಿರುವಾಗಲೇ ರೋಗಿಯ ಉಸಿರು ನಿಲ್ಲಬಹುದಾಗಿದ್ದಿತು.

ಸ್ಥಾನವೆಂಬ ಈ ಕಲ್ಪನೆಗೆ ತಳಹದಿ ಬಿದ್ದುದು ಇನ್ನೊಂದು ವಿಷದಿಂದ. ದಕ್ಷಿಣ ಅಮೆರಿಕದ ಕಾಡುಜನರು ಬಾಣದ ತುದಿಗೆ ಬಳಿಯುತ್ತಿದ್ದ ಕುರಾರೆಯೇ ಅದು. ಅದು ತಗುಲಿದ ಪ್ರಾಣಿಯ ಮಾಂಸಖಂಡಗಳು ಸಡಿಲಗೊಂಡು, ಅದು ಉಸಿರೆಳೆಯಲಾರದೆ ಸಾಯುವುದು. ಫ್ರಾನ್ಸಿನ ಕ್ಲೋಡ್ ಬರ್ನಾರರು ೧೮೫೦ರ ಸುಮಾರಿನಲ್ಲಿ ಕಪ್ಪೆಗಳ ಮೇಲೆ ಇದನ್ನು ಪರೀಕ್ಷಿಸಿದರು. ವಿಷವೇರಿದ ಕಪ್ಪೆಯ ನರವನ್ನು ವಿದ್ಯುತ್ತಿನಿಂದ ಕೆಣಕಿದರೆ ಮಾಂಸಖಂಡವು ಅಲುಗದು. ಆದರೆ ಮಾಂಸಖಂಡವನ್ನೇ ನೇರವಾಗಿ ಕೆಣಕಿದರೆ ಅದು ಸಂಕೋಚಗೊಳ್ಳುವುದು. ಒಂದು ಕಾಲಿಗೆ ರಕ್ತ ಹರಿಯದಂತೆ ಕಟ್ಟಿ ವಿಷ ಕೊಟ್ಟರೆ ಆ ಕಾಲು ಮಾತ್ರ ಎಂದಿನಂತೆ ಆಡುವುದು, ಅದಕ್ಕೆ ಹೋಗುವ ನರವು ಮೈಯೊಳಗೆ ವಿಷವಿದ್ದ ರಕ್ತದಲ್ಲಿ ಮುಳುಗಿದ್ದರೂ. ಹಾಗಾದರೆ ನರವೂ ಕೆಟ್ಟಿಲ್ಲ, ಮಾಂಸಖಂಡವೂ ಕೆಟ್ಟಿಲ್ಲ. ಕೆಟ್ಟಿರುವುದು ಎರಡರ ನಡುವಣ ಸಂಧಿ. ವಿಷವು ದೇಹವನ್ನೆಲ್ಲ ಹಾಳುಗೆಡಹುವ ಸರ್ವವ್ಯಾಪಿಯಾದ ಶಕ್ತಿಯೆಂಬ ಹಳೆಯ ಭಾವನೆಗೆ ಇಲ್ಲಿ ಪೆಟ್ಟು ಬಿದ್ದಿತು.

ಆ ಸಂಧಿಯಲ್ಲಿ ಏನಿದೆ? ಕೇಂಬ್ರಿಜ್ಜಿನ ಲ್ಯಾಂಗ್ಲಿಯವರು ೧೮೭೮ರಲ್ಲಿಯೇ ಬೆಕ್ಕಿನ ಜೊಲ್ಲಿನ ಗ್ರಂಥಿಯ ಮೇಲೆ ಅಟ್ರೊಪಿನ್ ಮತ್ತು ಪೈಲೊಕಾರ್ಪಿನ್‌ಗಳ ಹೋರಾಟವನ್ನು ನೋಡಿ, ಎರಡೂ ಸೇರಿಕೊಳ್ಳಬಲ್ಲ ಯಾವುದೋ ಒಂದು ದ್ರವ್ಯವು ಅಲ್ಲಿರಬೇಕೆಂದು ಊಹಿಸಿದ್ದರು. ೧೯೦೫ರಲ್ಲಿ ಅವರು ಹೊಗೆಸೊಪ್ಪಿನ ಸಾರವಾದ ನಿಕೋಟಿನ್ನನ್ನು ಕೋಳಿಯ ಮಾಂಸಖಂಡಕ್ಕೆ ಕೊಟ್ಟರು, ಅದು ಸಂಕೋಚಗೊಂಡಿತು. ನರವನ್ನು ಕತ್ತರಿಸಿ ಅದು ನಶಿಸಿಹೋದ ಮೇಲೆ ಕೊಟ್ಟರೂ ಸಂಕೋಚಗೊಂಡಿತು. ಕುರಾರೆಯನ್ನು ಕೊಟ್ಟರೆ ಆ ಸಂಕೋಚವು ನಿಂತಿತು, ಆದರೆ ಮಾಂಸಖಂಡವು ವಿದ್ಯುತ್ತಿಗೆ ಎಂದಿನಂತೆ ಓಗೊಟ್ಟಿತು. ಆದುದರಿಂದ ನಿಕೋಟಿನ್ನೂ ಕುರಾರೆಯೂ ಕೂಡುವ ಸ್ಥಾನವು ನರದ ತುದಿಯಲ್ಲಿಲ್ಲ, ಮಾಂಸಖಂಡದ್ದೇ ಆದ ಒಂದು ‘ಗ್ರಹಿಸುವ ದ್ರವ್ಯ’ವಾಗಿದೆ ಎಂದು ಅವರು ತೀರ್ಮಾನಿಸಿದರು. ಜರ್ಮನಿಯ ಪೌಲ್ ಏರ್ಲಿಖರು ರೋಗಾಣುಗಳ ನಂಜಿನ ವಿಷಯದಲ್ಲಿ ೧೯೦೦ರಿಂದಲೇ ರಿಸೆಪ್ಟರ್ ಎಂಬ ಪದವನ್ನು ಬಳಸುತ್ತಿದ್ದರು. ಸಾಮಾನ್ಯ ಔಷಧಗಳು ಸುಲಭವಾಗಿ ತೊಳೆದುಹೋಗುವುದರಿಂದ ಅವುಗಳಿಗೆ ಅಂತಹ ಸ್ಥಾನವಿರಲಾರದೆಂದು ಅವರು ಮೊದಲು ಎಣಿಸಿದ್ದು, ಬಳಿಕ ಲ್ಯಾಂಗ್ಲಿಯವರ ಮತವನ್ನು ಒಪ್ಪಿದರು.

ಈ ಪದವನ್ನು ನಾವು ‘ಗ್ರಾಹಕ’ವೆಂದು ಕನ್ನಡಿಸಿದ್ದೇವೆ. ಅಂಗಡಿಯ ಗಿರಾಕಿಗೂ ಅದೇ ಹೆಸರಿರುವುದರಿಂದ ವಿದ್ಯಾರ್ಥಿಗಳು ನಗುವುದುಂಟು. ಪದವು ಕೆಟ್ಟುದೇನೂ ಅಲ್ಲ; ಆದರೆ ಗ್ರಾಹಕವು ಬರಿಯ ಹಿಡಿಯುವ ಕೈಯೆಂಬ ಭಾವನೆಯನ್ನು ಅದು ಹುಟ್ಟಿಸುವುದು. ಹಿಡಿಯುವುದು ಒಂದು, ಹಿಡಿದುದರಿಂದ ಕೆಲಸ ನಡೆಯುವುದು ಇನ್ನೊಂದು. ವ್ಯಾಕರಣವನ್ನು ಬಲ್ಲ ಓದುಗರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ‘ಬೆಟ್ಟದಾವರೆ’ಯಲ್ಲಿ ತಕಾರದ ಸ್ಥಾನಕ್ಕೆ ದಕಾರವು ಆದೇಶವಾಗಿ ಬಂದಿದೆ, ಪಾಣಿನೀಯರ ಸ್ಥಾನಿವದ್ಭಾವದಂತೆ ಆದೇಶವು ಸ್ಥಾನಿಯ ಕಾರ್ಯವನ್ನು ತಾನೇ ಮಾಡುವುದೂ ಉಂಟು. ನಿಕೋಟಿನ್ ಅಂತಹ ಆದೇಶ. ಅದು ದೇಹದ ಸ್ವಂತ ದ್ರವ್ಯದ ಸ್ಥಾನದಲ್ಲಿ ಕುಳಿತು ಅದರ ಕೆಲಸವನ್ನೇ ಮಾಡುವುದು. ಕುರಾರೆಯಾದರೋ ಸ್ಥಾನದಲ್ಲಿ ಕುಳಿತು ಏನನ್ನೂ ಮಾಡದು. ಫಲದಲ್ಲಿ ಅದು ಲೋಪವೇ ಸರಿ.

ದೇಹದ ಆ ಸ್ವಂತ ದ್ರವ್ಯವು ಯಾವುದೆಂಬುದು ತಿಳಿಯಲು ೧೯೨೧ರವರೆಗೆ ಕಾಯಬೇಕಾಯಿತು. ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ಓಟೊ ಲೋವಿಯವರು ಎರಡು ಕಪ್ಪೆಗಳ ಹೃದಯಗಳನ್ನು ಉಪ್ಪುನೀರಿನಲ್ಲಿಟ್ಟು, ಒಂದರ ವೇಗಸ್ ನರವನ್ನು ಕೆಣಕಿ ಅದರ ಬಡಿತವನ್ನು ನಿಧಾನಗೊಳಿಸಿದರು. ಆ ಹೃದಯದೊಳಗಣ ದ್ರವವನ್ನು ಎರಡನೆಯದಕ್ಕೆ ಹಾಕಿದಾಗ ನರದ ಸೋಂಕಿಲ್ಲದ ಅದೂ ನಿಧಾನಗೊಂಡಿತು. ನರವು ಒಂದು ದ್ರವ್ಯವನ್ನು ಬಿಡುಗಡೆ ಮಾಡಿ ಅದರ ಮೂಲಕ ಮಾತಾಡುವುದೆಂಬುದು ಇದರಿಂದ ಸ್ಥಾಪಿತವಾಯಿತು. ಈ ಪ್ರಯೋಗವು ಕನಸಿನಲ್ಲಿ ಹೊಳೆಯಿತೆಂದು ಅವರೇ ಹೇಳಿಕೊಂಡಿರುವರು. ಆ ದ್ರವ್ಯವೇ ಅಸಿಟೈಲ್‌ಕೋಲೀನ್. ಇಂಗ್ಲೆಂಡಿನ ಹೆನ್ರಿ ಡೇಲರು ಅದಕ್ಕೆ ಮೊದಲೇ, ೧೯೧೪ರಲ್ಲಿ, ಇದೇ ದ್ರವ್ಯವು ಎರಡು ಬಗೆಯ ಕೆಲಸಗಳನ್ನು ಮಾಡಬಲ್ಲುದೆಂದು ತೋರಿಸಿದ್ದರು. ಒಂದು ಬಗೆಯನ್ನು ನಿಕೋಟಿನ್ ಅನುಕರಿಸುವುದು. ಇನ್ನೊಂದನ್ನು ಒಂದು ವಿಷದ ಅಣಬೆಯಿಂದ ದೊರೆತ ಮಸ್ಕರಿನ್ ಅನುಕರಿಸುವುದು. ಮೈಯ ಮಾಂಸಖಂಡಗಳಲ್ಲಿರುವುದು ನಿಕೋಟಿನ್ ಬಗೆಯ ಗ್ರಾಹಕ. ಜೊಲ್ಲಿನ ಮತ್ತು ಬೆವರಿನ ಗ್ರಂಥಿ, ಹೃದಯ, ಶ್ವಾಸನಾಳ, ಕಣ್ಣಿನ ಪಾಪೆ ಇವುಗಳಲ್ಲಿರುವುದು ಮಸ್ಕರಿನ್ ಬಗೆಯದು. ಕುರಾರೆಯು ಮೊದಲನೆಯದನ್ನೂ ಉಮ್ಮತ್ತವು ಎರಡನೆಯದನ್ನೂ ಮುಚ್ಚುವುವು. ಒಂದೇ ದೂತ, ಎರಡು ಬಾಗಿಲು. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಒಬ್ಬ ಮನುಷ್ಯನ ಪ್ರಾಣವು ಇದರ ಮೇಲೆ ನಿಲ್ಲುವುದು. ಡೇಲರಿಗೂ ಲೋವಿಯವರಿಗೂ ೧೯೩೬ರ ನೊಬೆಲ್ ಬಹುಮಾನವು ಬಂದಿತು.

ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ, ಈಗಿನ ನೈಜೀರಿಯಕ್ಕೆ ಸೇರಿದ ಕಲಬಾರ್ ಎಂಬ ಊರಿದೆ. ಅಲ್ಲಿಯವರು ಆರೋಪಿಗೆ ಒಂದು ಬಗೆಯ ಅವರೆಯಂತಹ ಕಾಳನ್ನು ತಿನ್ನಿಸಿ ದಿವ್ಯಪರೀಕ್ಷೆ ನಡೆಸುತ್ತಿದ್ದರು. ಸತ್ತರೆ ಅಪರಾಧಿ, ಕಾರಿಕೊಂಡು ಬದುಕಿದರೆ ನಿರಪರಾಧಿ. ೧೮೫೫ರಲ್ಲಿ ಎಡಿನ್‌ಬರೊವಿನ ಕ್ರಿಸ್ಟಿಸನ್ನರು ಇದರ ಒಂದು ತುಣುಕನ್ನು ತಾವೇ ತಿಂದು, ಮೈ ಸೋತುಬರುತ್ತಲೇ ಕ್ಷೌರ ಮಾಡಿಕೊಂಡು ಉಳಿದಿದ್ದ ಸಾಬೂನು ನೀರನ್ನು ಕುಡಿದು ವಾಂತಿ ಮಾಡಿಕೊಂಡರು. ಅದೇ ಊರಿನ ತಾಮಸ್ ಫ್ರೇಸರರು ಈ ಕಾಳಿನ ಸಾರದಿಂದ ಪಾಪೆ ಕುಗ್ಗುವುದನ್ನೂ ಜೊಲ್ಲು ಸುರಿಯುವುದನ್ನೂ ಗಮನಿಸಿದರು. ಇದು ಉಮ್ಮತ್ತದ ಲಕ್ಷಣಗಳಿಗೆ ಒಂದೊಂದಾಗಿ ಎದುರು. ೧೮೭೦ರಿಂದೀಚೆಗೆ ಅವರು ಮೊಲಗಳಿಗೆ ಸಾಯುವಷ್ಟು ಕಾಳಿನ ಸಾರವನ್ನು ಕೊಟ್ಟು, ಒಡನೆಯೇ ಅಟ್ರೊಪಿನ್ನನ್ನೂ ಕೊಟ್ಟರು. ಮೊಲಗಳು ಬದುಕಿದವು. ಆದರೆ ಫ್ರೇಸರರು ಬದುಕಿದುದನ್ನು ಕಂಡು ಹಿಗ್ಗಿ ನಿಲ್ಲಲಿಲ್ಲ. ಎಷ್ಟು ವಿಷಕ್ಕೆ ಎಷ್ಟು ಪ್ರತಿವಿಷ, ಎಷ್ಟು ಹೊತ್ತಿನೊಳಗೆ, ಎಲ್ಲಿ ಪ್ರತಿವಿಷವೇ ಹೆಚ್ಚಾಗಿ ಕೊಲ್ಲುವುದು ಎಂಬುದನ್ನೆಲ್ಲ ಅಳೆದು ಎಲ್ಲೆಗಳನ್ನು ಗುರುತಿಸಿದರು. ವಿಷಕ್ಕೆ ವಿಷವೇ ಮದ್ದೆಂಬ ಮಾತು ಅಳತೆಗೆ ಸಿಕ್ಕಿದ ಮೊದಲ ಸಂದರ್ಭಗಳಲ್ಲಿ ಇದೊಂದು.

ಇಲ್ಲಿ ಲಕ್ಷಣಗಳ ಎದುರಾಟವು ಫಲಿಸಿತು, ಅಫೀಮಿನಲ್ಲಿ ಫಲಿಸಲಿಲ್ಲ, ಏಕೆ? ಮದುವೆಯ ಪಂಕ್ತಿಯನ್ನು ನೆನೆದುಕೊಳ್ಳಬಹುದು. ಎಲೆಗಳು ಗ್ರಾಹಕಗಳು, ಊಟಕ್ಕೆ ಬಂದವರು ಅಸಿಟೈಲ್‌ಕೋಲೀನ್. ಉಂಡವರನ್ನು ಎಬ್ಬಿಸಿ ಕಳುಹಿಸಲು ಬಾಗಿಲಲ್ಲೊಬ್ಬನಿರುವನು. ಅವನೇ ಕೋಲೀನೆಸ್ಟರೇಸ್ ಎಂಬ ಕಿಣ್ವ, ಒಂದು ಸೆಕೆಂಡಿನಲ್ಲಿ ಸಾವಿರಾರು ಅಣುಗಳನ್ನು ಮುರಿಯಬಲ್ಲವನು. ಉಮ್ಮತ್ತವು ಎಲೆಯ ಮುಂದೆ ಕುಳಿತು ಉಣ್ಣದೆ, ಉಣ್ಣುವವರಿಗೂ ಎಡೆಗೊಡದಿರುವ ಧೂರ್ತ. ಕಲಬಾರ್ ಕಾಳಿನ ಸಾರವು ಎಲೆಯ ಹತ್ತಿರ ಹೋಗುವುದೇ ಇಲ್ಲ; ಅದು ಎಬ್ಬಿಸುವವನ ಕೈಯನ್ನು ಕಟ್ಟುವುದು. ಇದನ್ನು ಲೋವಿಯವರೇ ೧೯೨೬ರಲ್ಲಿ ತೋರಿಸಿದರು. ಆಗ ಅತಿಥಿಗಳು ತುಂಬಿತುಳುಕಿ, ಧೂರ್ತನು ಒಂದು ಗಳಿಗೆ ಎದ್ದರೂ ಆ ಎಲೆಗೆ ಅವರೇ ನುಗ್ಗುವರು. ಗ್ರಾಹಕದಲ್ಲಿ ಯಾವ ಅಣುವೂ ಶಾಶ್ವತವಾಗಿ ಕೂರದು, ಕ್ಷಣಕ್ಷಣವೂ ಎದ್ದು ಕೂರುತ್ತಿರುವುದು. ಆದುದರಿಂದ ಗೆಲವು ಸಂಖ್ಯೆಯ ಪ್ರಮಾಣಕ್ಕೆ ಸೇರಿದುದು. ಎ. ಜೆ. ಕ್ಲಾರ್ಕರು ೧೯೨೬ರಲ್ಲಿ ಕಪ್ಪೆಯ ಹೃದಯದಲ್ಲಿ ಅಟ್ರೊಪಿನ್ ಹೆಚ್ಚಿದಂತೆಲ್ಲ ಅದೇ ಫಲಕ್ಕೆ ಅಸಿಟೈಲ್‌ಕೋಲೀನನ್ನು ಎಷ್ಟು ಹೆಚ್ಚಿಸಬೇಕೆಂದು ಅಳೆದು, ಈ ಸ್ಪರ್ಧೆಯು ರಸಾಯನಶಾಸ್ತ್ರದ ಸಾಧಾರಣ ನಿಯಮವನ್ನು ಅನುಸರಿಸುವುದೆಂದು ತೋರಿಸಿದರು. ಕಾಫಿಯಲ್ಲಿರುವ ಕೆಫೀನ್ ಸಹ ಇಂತಹ ಧೂರ್ತನೇ. ದಣಿವನ್ನು ತಿಳಿಸುವ ಅಡಿನೊಸಿನ್ ಎಂಬ ದ್ರವ್ಯದ ಎಲೆಯ ಮುಂದೆ ಅದು ಸುಮ್ಮನೆ ಕುಳಿತಿರುವುದು. ಬಾಬಾಬುಡನ್‌ಗಿರಿಯ ಬೆಳೆಯು ನಮಗೆ ಕೊಡುವ ಚೈತನ್ಯವು ಸಾಲದ ಚೈತನ್ಯ.

ಈ ವಿಚಾರವು ಪುಸ್ತಕದಿಂದ ಹೊಲಕ್ಕೆ ಇಳಿದುದು ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ. ಜರ್ಮನಿಯಲ್ಲಿ ಗೆರ್ಹಾರ್ಡ್ ಶ್ರಾಡರರು ಕೀಟನಾಶಕಗಳನ್ನು ಹುಡುಕುತ್ತಿರುವಾಗ ೧೯೩೬ರಲ್ಲಿ ಟಾಬುನ್ ಎಂಬ ಭಯಂಕರವಾದ ರಂಜಕಸಂಯುಕ್ತವು ದೊರೆತು ಯುದ್ಧದ ವಿಷವಾಯುವಾಯಿತು. ಅದೇ ಕುಲದ ಸೌಮ್ಯವಾದ ದ್ರವ್ಯಗಳು ಮುಂದೆ ಜಗತ್ತಿನ ಹೊಲಗಳಿಗೆ ಬಂದವು. ಇವೂ ಕಲಬಾರ್ ಕಾಳಿನಂತೆ ಎಬ್ಬಿಸುವವನ ಕೈಯನ್ನೇ ಕಟ್ಟುವುವು, ಆದರೆ ಬಿಚ್ಚಲಾಗದಂತೆ. ಇವನ್ನು ಕುಡಿದವನ ಬಾಯಲ್ಲಿ ನೊರೆ, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ಪಾಪೆ ಸೂಜಿಯ ಮೊನೆ, ನಾಡಿ ಕುಂದುವುದು, ಶ್ವಾಸಕೋಶಗಳು ತಮ್ಮದೇ ದ್ರವದಲ್ಲಿ ಮುಳುಗುವುವು. ಉಮ್ಮತ್ತವನ್ನು ತಿಂದವನ ಚಿತ್ರವನ್ನು ತಿರುವಿಹಾಕಿದಂತಿರುವುದು. ಇಲ್ಲಿ ವೈದ್ಯರು ಕೈಗೆತ್ತಿಕೊಳ್ಳುವ ಮದ್ದು ಉಮ್ಮತ್ತದ ವಿಷವಾದ ಅಟ್ರೊಪಿನ್ನೇ. ಆರೋಗ್ಯವಂತನಿಗೆ ಅದು ಒಂದೆರಡು ಮಿಲಿಗ್ರಾಂ ಹೋದರೆ ಬಾಯಿ ಒಣಗಿ ನಾಡಿ ಓಡತೊಡಗುವುದು. ಕೀಟನಾಶಕವನ್ನು ಕುಡಿದವನಿಗೆ ಕೆಲವು ನಿಮಿಷಗಳಿಗೊಮ್ಮೆ ಇಮ್ಮಡಿಸುತ್ತ, ಎದೆಯಲ್ಲಿ ಗೊರಗೊರ ಶಬ್ದವು ನಿಲ್ಲುವವರೆಗೆ ಕೊಡುತ್ತ ಹೋದರೆ ಒಟ್ಟು ಹತ್ತಾರು ಮಿಲಿಗ್ರಾಂ ಆಗುವುದೂ ಉಂಟು. ಆ ಪ್ರಮಾಣವನ್ನು ಅವನು ತಾಳಿಕೊಳ್ಳುವುದು ಎಲೆಗಳ ಮುಂದೆ ಅತಿಥಿಗಳು ಅಷ್ಟು ನೂಕಾಡುತ್ತಿರುವುದರಿಂದ. ಒಂದು ಹೆಜ್ಜೆ ಮುಂದೆ ಹೋದರೆ ರೋಗಿಯು ಉನ್ಮತ್ತನಾಗಿ ಹಾಸಿಗೆಯಿಂದ ಏಳಲೆತ್ನಿಸುವನು. ಎರಡು ವಿಷಗಳ ನಡುವಣ ದಾರಿ ಅಷ್ಟು ಇಕ್ಕಟ್ಟು.

ಆದರೂ ಅಟ್ರೊಪಿನ್ನಿನಿಂದ ರಕ್ಷಣೆ ದೊರೆಯುವುದು ಒಂದು ಬಾಗಿಲಿಗೆ ಮಾತ್ರ. ಮಸ್ಕರಿನ್ ಬಗೆಯ ಗ್ರಾಹಕಗಳು ಅದರ ಅಧೀನ. ಮಾಂಸಖಂಡಗಳಲ್ಲಿನ ನಿಕೋಟಿನ್ ಬಗೆಯವು ಅಲ್ಲ. ಅಲ್ಲಿ ಅಸಿಟೈಲ್‌ಕೋಲೀನ್ ಕಿಕ್ಕಿರಿದು ಮಾಂಸಖಂಡವು ಮೊದಲು ಅದುರಿ, ಬಳಿಕ ಸೋತು, ಉಸಿರೆಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದು. ಎದೆಯ ನೀರು ಒಣಗಿ, ನಾಡಿ ಸರಿಯಾಗಿ, ಬಂಧುಗಳು ನೆಮ್ಮದಿಯಿಂದ ಮನೆಗೆ ಹೊರಡುವ ಹೊತ್ತಿಗೆ, ಒಂದೆರಡು ದಿನಗಳ ಮೇಲೆಯೂ, ರೋಗಿಯು ಉಸಿರಿಲ್ಲದೆ ಸಾಯುವುದುಂಟು. ಅವನನ್ನು ಉಳಿಸುವುದು ಉಸಿರಾಟದ ಯಂತ್ರ ಮತ್ತು ಎಚ್ಚರದ ದಾದಿಯರು. ಕಿಣ್ವವನ್ನು ಬಿಡಿಸಲೆಂದು ೧೯೫೦ರ ದಶಕದಲ್ಲಿ ಸಿದ್ಧವಾದ ಪ್ರಾಲಿಡಾಕ್ಸಿಮ್ ಪ್ರಯೋಗಶಾಲೆಯಲ್ಲಿ ತೋರಿಸಿದಷ್ಟು ಫಲವನ್ನು ರೋಗಿಗಳ ಮೇಲಿನ ಎಲ್ಲ ಪರೀಕ್ಷೆಗಳಲ್ಲಿಯೂ ತೋರಿಸಿಲ್ಲ.

ಹೆಸರುಗಳಿಂದಾಗುವ ಅಪಾಯವನ್ನೂ ಇಲ್ಲಿ ಹೇಳಬೇಕು. ಒಂದು ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಕೀಟನಾಶಕವನ್ನು ಕುಡಿದವರನ್ನೆಲ್ಲ ‘ಎಂಡ್ರಿನ್ ಕುಡಿದರು’ ಎನ್ನುತ್ತಿದ್ದರು. ಎಂಡ್ರಿನ್ ಮೇಲಿನ ಕುಲಕ್ಕೆ ಸೇರಿದುದೇ ಅಲ್ಲ. ಅದು ಮೆದುಳಿನಲ್ಲಿ ನರಗಳ ಉದ್ರೇಕವನ್ನು ತಡೆಯುವ ಇನ್ನೊಂದು ಗ್ರಾಹಕವನ್ನು ಮುಚ್ಚಿ ಸೆಳವನ್ನು ತರುವುದು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆದ ಎಂಡೋಸಲ್ಫಾನ್ ಇದರ ಜಾತಿಯದು. ಇವುಗಳ ಮುಂದೆ ಅಟ್ರೊಪಿನ್ ನಿರರ್ಥಕ. ಪ್ಯಾರಾಕ್ವಾಟ್ ಎಂಬ ಕಳೆನಾಶಕವಂತೂ ಯಾವ ಗ್ರಾಹಕದ ಗೊಡವೆಗೂ ಹೋಗದೆ ಶ್ವಾಸಕೋಶವನ್ನೇ ಸುಡುವುದು. ಬಂಧುಗಳು ಆಸ್ಪತ್ರೆಗೆ ಬರುವಾಗ ಡಬ್ಬಿಯನ್ನೂ ತರಬೇಕೆಂದು ವೈದ್ಯರು ಗದರುವುದು ಇದರಿಂದಲೇ. ‘ಔಷಧ ಕುಡಿದ’ ಎಂಬ ನಮ್ಮ ನುಡಿಯಲ್ಲಿ ಈ ಎಲ್ಲ ವಿಷಗಳೂ ಒಂದಾಗಿ ಅಡಗಿರುವುವು.

ಲಕ್ಷಣವನ್ನೇ ನಂಬಿ ಕೆಟ್ಟುದಕ್ಕೆ ಕಾಸರಕದ ಕಥೆಗಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಈ ಮರವು ನಮ್ಮ ಕಾಡುಗಳದೇ. ಕಾಸರಗೋಡಿನ ಹೆಸರಿಗೆ ಇದೇ ಮೂಲವೆಂಬುದೊಂದು ಪಕ್ಷ. ಇದರ ಬೀಜದ ಕುಲದಿಂದ ೧೮೧೮ರಲ್ಲಿ ಫ್ರಾನ್ಸಿನ ಪೆಲೆಟಿಯೆ ಮತ್ತು ಕವಾಂತೂ ಎಂಬವರು ಬೇರ್ಪಡಿಸಿದ ವಿಷವು ಸ್ಟ್ರಿಕ್ನಿನ್. ತಿಂದವನ ಮೈ ಬಿಲ್ಲಿನಂತೆ ಬಾಗಿ ಸೆಟೆಯುವುದು. ಒಂದು ಸದ್ದಾದರೂ ಸೆಳವು ಬರುವುದು. ನಾಗರಹಾವಿನಂತಹ ಹಾವು ಕಚ್ಚಿದವನ ಮಾಂಸಖಂಡಗಳು ಇದಕ್ಕೆ ಎದುರಾಗಿ ಸಡಿಲವಾಗುವುವು. ರೆಪ್ಪೆ ಇಳಿಯುವುದು, ಕತ್ತು ವಾಲುವುದು, ಉಸಿರು ಸೋಲುವುದು. ಸಡಿಲವಾದುದನ್ನು ಬಿಗಿಯುವ ವಿಷವೇ ಮದ್ದಲ್ಲವೆ? ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ವೈದ್ಯ ಅಗಸ್ಟಸ್ ಮ್ಯೂಲರನು ೧೮೮೦ರ ದಶಕದ ಕೊನೆಯಲ್ಲಿ ಹೀಗೆ ತರ್ಕಿಸಿ, ಹಾವು ಕಚ್ಚಿದವರಿಗೆ ಸ್ಟ್ರಿಕ್ನಿನ್ ಚುಚ್ಚಬೇಕೆಂದು ಸಾರಿ, ೧೮೯೩ರಲ್ಲಿ ಪುಸ್ತಕವನ್ನೇ ಬರೆದನು. ಕೆಲಕಾಲ ಅದಕ್ಕೆ ಹೆಸರೂ ಬಂದಿತು. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ಸ್ಟ್ರಿಕ್ನಿನ್ ಕೂರುವುದು ಬೆನ್ನುಹುರಿಯಲ್ಲಿ, ಗ್ಲೈಸಿನ್ ಎಂಬ ದ್ರವ್ಯವು ನರಗಳನ್ನು ಹದ್ದಿನಲ್ಲಿಡುವ ಗ್ರಾಹಕದ ಮೇಲೆ. ಇದು ೧೯೬೦ರ ದಶಕದ ಕೊನೆಗಷ್ಟೆ ತಿಳಿದುಬಂದಿತು. ಹಾವಿನ ವಿಷವು ಕೂರುವುದು ನರವು ಮಾಂಸಖಂಡವನ್ನು ಸಂಧಿಸುವಲ್ಲಿ. ಮೇಲಣ ಅಧಿಕಾರಿಯು ಎಷ್ಟು ಕೂಗಿ ಆಜ್ಞೆ ಮಾಡಿದರೇನು, ಕೆಳಗೆ ಕಾಗದವನ್ನು ತೆಗೆದುಕೊಳ್ಳುವವರಿಲ್ಲ. ರೋಗಿಗೆ ಒಂದರ ಬದಲು ಎರಡು ವಿಷಗಳಾದವು. ಕುರಾರೆಯ ಕೆಲವು ಬಗೆಗಳನ್ನು ತಯಾರಿಸುವ ಗಿಡಗಳು ಕಾಸರಕದ ಗಣಕ್ಕೇ ಸೇರಿದುವು. ಬಿಗಿಯುವುದೂ ಸಡಿಲಿಸುವುದೂ ಒಂದೇ ಮನೆತನ. ಇನ್ನೊಂದು ಬಗೆಯ ಕುರಾರೆಯ ಬಳ್ಳಿಯು ನಮ್ಮ ಅಮೃತಬಳ್ಳಿಯ ಕುಟುಂಬದ್ದು. ಸಸ್ಯದ ಕುಲಗೋತ್ರದಿಂದ ವಿಷದ ಸ್ಥಾನವನ್ನು ಊಹಿಸಲಾಗದು.

ಹಾವಿನ ವಿಷಕ್ಕೆ ನಿಜವಾದ ಉತ್ತರವು ಗ್ರಾಹಕದಲ್ಲಿ ಅಲ್ಲ, ರಕ್ತದಲ್ಲಿ ದೊರೆಯಿತು. ೧೮೯೫ರಲ್ಲಿ ಅದೇ ಫ್ರೇಸರರೂ, ಫ್ರಾನ್ಸಿನ ಕಾಲ್ಮೆಟ್ಟರು ತಮ್ಮಷ್ಟಕ್ಕೆ ಅದೇ ಕಾಲದಲ್ಲಿಯೂ, ಪ್ರಾಣಿಗಳಿಗೆ ವಿಷವನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟು ಅವುಗಳ ರಕ್ತದಿಂದ ಪ್ರತಿವಿಷವನ್ನು ಪಡೆದರು. ಅದು ವಿಷವನ್ನು ಎಲೆಗೆ ಕೂರುವ ಮೊದಲೇ ದಾರಿಯಲ್ಲಿ ಹಿಡಿಯುವುದು. ಭಾರತದಲ್ಲಿ ಬಳಕೆಯಲ್ಲಿರುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳೆಂಬ ನಾಲ್ಕಕ್ಕೂ ಒಟ್ಟಾಗಿ ತಯಾರಾದುದು. ಮುಂಗುಸಿಯು ಕಚ್ಚಿಸಿಕೊಂಡರೆ ಬೇರೊಂದನ್ನು ತಿಂದು ವಿಷವನ್ನಿಳಿಸಿಕೊಳ್ಳುವುದೆಂದು ನಮ್ಮವರು ನಂಬಿ, ಒಂದು ಮೂಲಿಕೆಗೆ ನಾಕುಲಿಯೆಂದೇ ಹೆಸರಿಟ್ಟರು. ಮುಂಗುಸಿಯ ಮದ್ದು ಬೇರಿನಲ್ಲಿಲ್ಲ, ಅದರ ಮೈಯಲ್ಲಿಯೇ ಇದೆಯೆಂಬುದು ೧೯೯೨ರಲ್ಲಿ ಪ್ರಕಟವಾಯಿತು. ಅದರ ಗ್ರಾಹಕದ ಕೆಲವು ಕಣಗಳು ಬದಲಾಗಿದ್ದು ಹಾವಿನ ವಿಷವು ಅಲ್ಲಿ ಸರಿಯಾಗಿ ಕೂರಲಾರದು, ಅಸಿಟೈಲ್‌ಕೋಲೀನ್ ಕೂರಬಲ್ಲುದು.

ಇನ್ನು ನಾಗರಹಾವಿಗೂ ಕಟ್ಟುಹಾವಿಗೂ ಇರುವ ಭೇದ. ಎರಡರಿಂದಲೂ ರೆಪ್ಪೆ ಇಳಿಯುವುದು, ಉಸಿರು ಸೋಲುವುದು. ಲಕ್ಷಣಗಳನ್ನು ನೋಡಿ ಬೇರ್ಪಡಿಸುವುದು ಬಹಳ ಕಷ್ಟ. ನಾಗರದ ನರವಿಷವು ಕುರಾರೆಯಂತೆ ಗ್ರಾಹಕದ ಮೇಲೆ ಕೂರುವುದು. ಆದುದರಿಂದ ಪ್ರತಿವಿಷದ ಜೊತೆಗೆ, ಕಲಬಾರ್ ಕಾಳಿನ ಸಾರವನ್ನು ಹೋಲುವ ನಿಯೊಸ್ಟಿಗ್ಮಿನ್ ಕೊಟ್ಟು ಅತಿಥಿಗಳನ್ನು ಹೆಚ್ಚಿಸಿದರೆ ಕೆಲವರಲ್ಲಿ ರೆಪ್ಪೆ ಮೇಲೇಳುವುದು. ಅದರಿಂದ ಬರುವ ಜೊಲ್ಲನ್ನೂ ನಾಡಿಯ ಕುಂದನ್ನೂ ತಡೆಯಲು ಅಟ್ರೊಪಿನ್ನನ್ನೂ ಜೊತೆಗೆ ಕೊಡುವರು. ಒಂದು ಹಾವಿನ ವಿಷ, ಅದರ ಮೇಲೊಂದು ದಿವ್ಯಪರೀಕ್ಷೆಯ ವಿಷದ ಬಂಧು, ಅದರ ಮೇಲೆ ಉಮ್ಮತ್ತದ ವಿಷ, ಮೂರೂ ಒಬ್ಬನ ಮೈಯಲ್ಲಿ ತಮ್ಮ ತಮ್ಮ ಸ್ಥಾನದಲ್ಲಿ ಕೆಲಸ ಮಾಡುವುವು. ಕಟ್ಟುಹಾವಿನ ವಿಷದ ಮುಖ್ಯವಾದ ಭಾಗವು ಗ್ರಾಹಕಕ್ಕೆ ಬರುವುದಿಲ್ಲ; ಅದು ದೂತನು ಹೊರಡುವ ನರದ ತುದಿಯನ್ನೇ ಒಳಗಿನಿಂದ ಹಾಳುಗೆಡಹುವುದು. ಆಗ ಎಲೆಗಳು ಬರಿದಾಗಿ ಕಾದಿರುವುವು, ಬರುವ ಅತಿಥಿಗಳಿಲ್ಲ. ನಿಯೊಸ್ಟಿಗ್ಮಿನ್ ಯಾರನ್ನು ತಡೆದು ನಿಲ್ಲಿಸಬೇಕು? ರಾತ್ರಿ ನೆಲದ ಮೇಲೆ ಮಲಗಿದ್ದಾಗ ಕಚ್ಚಿಸಿಕೊಂಡು, ಗಾಯವೂ ಕಾಣದೆ, ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವನು ಅಂತಹ ರೋಗಿ. ತುದಿಯು ಒಮ್ಮೆ ಹಾಳಾದ ಮೇಲೆ ಪ್ರತಿವಿಷವೂ ಅದನ್ನು ಮರಳಿಸದು. ಹೊಸ ತುದಿಗಳು ಚಿಗುರಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಅಲ್ಲಿಯವರೆಗೆ ಅವನ ಉಸಿರನ್ನು ಯಂತ್ರವೇ ನಡೆಸಬೇಕು. ಕಣ್ಣು ತೆರೆಯಲಾಗದೆ, ಬೆರಳನ್ನೂ ಅಲುಗಿಸಲಾಗದೆ ಮಲಗಿರುವ ಅವನು ಸತ್ತವನಂತೆ ತೋರಿದರೂ, ಸುತ್ತಲಿನವರು ಆಡುವ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿರಬಹುದು.